ಅಕ್ಕ ಕೇಳಿದ ರೆಕ್ಕೆ

ಗಾಜಿನ ಮೇಲೆ ಒಂದು ಬೆರಳ ಗುರುತು ಕಂಡರೂ ನಮ್ಮ ಭಾವನಿಗೆ ಮೈ ಉರಿಯುತ್ತದೆ. ಕನ್ನಡಕದ ಅಂಗಡಿ ಇಟ್ಟವರಿಗೆ ಅದು ಸಹಜ ಎನ್ನಬಹುದು. ಆದರೆ ಮನೆಗೆ ಬಂದ ನೆಂಟರ ಮೂಗಿನ ಮೇಲಿಂದಲೇ ಕನ್ನಡಕ ಕಿತ್ತು, ಜೇಬಿನ ಮೆತ್ತನೆ ಬಟ್ಟೆಯಿಂದ ಒರೆಸಿ, ಮತ್ತೆ ಅಲ್ಲೇ ಕೂರಿಸುವ ಮನುಷ್ಯರನ್ನು ನಾನಂತೂ ಬೇರೆ ಕಂಡಿಲ್ಲ. ಆ ಅಂಗಡಿಯ ಗಲ್ಲೆಯಲ್ಲಿ ಕೂರುವವಳು ನಾನು, ಅವರ ಹೆಂಡತಿಯ ತಂಗಿ. ಅವರ ತಪ್ಪು ಹುಡುಕುವುದು ನನಗೆ ಸಂಬಳವಿಲ್ಲದ ಇನ್ನೊಂದು ಕೆಲಸ.

ಅಂಥವರ ಹೆಂಡತಿಗೇ ಕಣ್ಣಿನ ಕಾಯಿಲೆ ಬಂತು. ಅಕ್ಕನ ನೋಟದ ನಟ್ಟನಡುವೆ ಒಂದು ಮಸುಕು. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಏನನ್ನಾದರೂ ನೋಡಬೇಕೆಂದರೆ ಕತ್ತು ವಾರೆ ಮಾಡಿ ಕಣ್ಣಂಚಿನಿಂದ ನೋಡಬೇಕು. ಹೊಸಬರು ಈಕೆಗೆ ತಮ್ಮ ಮೇಲೆ ಏನೋ ಸಿಟ್ಟು ಎಂದುಕೊಳ್ಳುತ್ತಿದ್ದರು. ಮಸುಕು ಹರಡುತ್ತಲೇ ಹೋಗುತ್ತದೆ, ಯಾವ ಕನ್ನಡಕವೂ ಇದಕ್ಕೆ ನಾಟುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ಭಾವ ಅಂಗಡಿಯ ಬಾಗಿಲು ಹಾಕಿಕೊಂಡು, ಇದ್ದಬದ್ದ ಲೆನ್ಸುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತರು. ಆವತ್ತು ನಾನು ಅವರನ್ನು ಏನೂ ಅನ್ನಲಿಲ್ಲ.

ಹಗಲೆಲ್ಲ ಅಕ್ಕ ಮಲಗುವ ಕೋಣೆಯ ಕಿಟಕಿಯ ಪಕ್ಕ ಕೂರುತ್ತಿದ್ದಳು. ಕಿಟಕಿಯ ಆಚೆ, ಬಟ್ಟೆ ಒಣಹಾಕುವ ತಂತಿಗೆ ಒಂದು ಜೋಡಿ ಸೂರಕ್ಕಿ ಗೂಡು ನೇಯ್ದವು. ಹೆಬ್ಬೆರಳಿನಷ್ಟು ಹಕ್ಕಿ. ಗಂಡು ನೀಲಿಯಾಗಿ ಮಿರಿಮಿರಿ ಮಿಂಚುತ್ತಾ ತಂತಿಯ ಮೇಲೆ ಕೂತು ಕೂಗುತ್ತಿತ್ತು, ಬೇರೆ ಘನಕಾರ್ಯ ಏನೂ ಕಾಣಲಿಲ್ಲ. ನಾರು, ಜೇಡರ ಬಲೆ, ಒಣಗಿದ ಎಲೆಚೂರು ತಂದು ಕಟ್ಟಿದ್ದು ಮಣ್ಣು ಬಣ್ಣದ ಹೆಣ್ಣು. ಮೊಟ್ಟೆಗೆ ಕಾವು ಕೊಡುವುದೂ ಅದೇ. “ಎಲ್ಲಾ ನಮ್ಮನೆ ಥರಾನೇ,” ಎಂದು ನಾನು ಭಾವನಿಗೆ ಕೇಳಿಸುವಂತೆ ಹೇಳಿದೆ.

ಅಕ್ಕ ನಗಲಿಲ್ಲ. “ಕೂಗು ಕೇಳುತ್ತೆ ಕಣೇ. ಏನೋ ಸರ್ರಂತ ಹೋದ ಹಾಗೂ ಅನ್ಸುತ್ತೆ. ಆದ್ರೆ ರೆಕ್ಕೆ ಬಿಚ್ಚಿದಾಗ ಅದು ಹೇಗಿರುತ್ತೋ? ಪೂರ್ತಿ ಮಂಜಾಗೋದ್ರೊಳಗೆ ಒಂದ್ಸಲ ನೋಡ್ಬೇಕು,” ಎಂದಳು. ಬಾಗಿಲಲ್ಲಿ ನಿಂತಿದ್ದ ಭಾವ ಅದನ್ನು ಕೇಳಿಸಿಕೊಂಡು ಒಳಗೆ ಹೋದರು.

ಮರುವಾರವೇ ಕ್ಯಾಮೆರಾ ಬಂತು. ತೆಗೆದ ಚಿತ್ರವನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ ಕಣ್ಣಂಚಿಗೆ ಹಿಡಿದರೆ ಅವಳಿಗೆ ಕಂಡೀತು ಎಂಬುದು ಅವರ ಲೆಕ್ಕಾಚಾರ. ಹಾರುವ ಪುಟ್ಟ ಹಕ್ಕಿಯ ಹಿಂದೆ ಕ್ಯಾಮೆರಾ ತಿರುಗಿಸುತ್ತಾ ಹೋದರೆ ಕತ್ತು ಉಳುಕುತ್ತದೆಯೇ ಹೊರತು ಚಿತ್ರ ಸಿಗುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಹಕ್ಕಿ ಗೂಡಿಗೆ ಬರುವ ದಾರಿಯಲ್ಲಿ ಗಾಳಿಯ ಒಂದು ಜಾಗ ಗುರುತಿಟ್ಟುಕೊಂಡು, ಅದಕ್ಕೇ ಫೋಕಸ್ ಹೊಂದಿಸಿ, ಗುಂಡಿಯ ಮೇಲೆ ಬೆರಳಿಟ್ಟು ಕಾಯಬೇಕು. ಹಕ್ಕಿ ಕಂಡ ಮೇಲೆ ಒತ್ತಿದರೆ ತಡವಾಯಿತೆಂದೇ ಅರ್ಥ. ಅದು ತಂತಿಯ ಆಚೆ ತುದಿ ಬಿಟ್ಟು ಗೂಡಿಗೆ ಹೊರಡುವ ಸದ್ದಿಗೇ ಒತ್ತಬೇಕು. ಆ ಸದ್ದು ಅಕ್ಕನಿಗೆ ಮಾತ್ರ ಕೇಳುತ್ತಿತ್ತು. “ಈಗ!” ಎಂದು ಅವಳು ಹೇಳಿದರೆ ಇವರು ಒತ್ತುತ್ತಿದ್ದರು. ಮದುವೆಯಾದಾಗಿನಿಂದ ಅವರು ಅವಳ ಮಾತು ಅಷ್ಟು ಚುರುಕಾಗಿ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಬೆಳಗಿನ ಹೊತ್ತು ಅಂಗಡಿಯನ್ನು ನನಗೆ ಬಿಟ್ಟು ಇಬ್ಬರೂ ಇದೇ ಆಟ. ಒಂದು ಚಿತ್ರದಲ್ಲಿ ಬಾಲದ ತುದಿ, ಇನ್ನೊಂದರಲ್ಲಿ ಬರೀ ತಂತಿ. ಮತ್ತೊಂದರಲ್ಲಿ ಯಾರೋ ಮಸಿ ಎರಚಿದ ಹಾಗೆ ಏನೋ. “ಇವತ್ತೂ ಬರೀ ಗಾಳಿ ಫೋಟೋನಾ ಭಾವಾ?” ಎಂದು ನಾನು ರೇಗಿಸಿದರೆ ಅಕ್ಕ, “ಸುಮ್ನಿರೇ, ಗಾಳಿನೂ ಚೆನ್ನಾಗೇ ಬಂದಿದೆಯಂತೆ,” ಎನ್ನುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳು ಬೆಳಿಗ್ಗೆ ತಾನಾಗಿ ಎದ್ದು ತಲೆ ಬಾಚಿಕೊಳ್ಳತೊಡಗಿದ್ದಳು. ಅದನ್ನು ನೋಡಿ ನನ್ನ ಬಾಯಿಗೂ ಬೀಗ ಬಿತ್ತು.

ಕೊನೆಕೊನೆಗೆ ಹಕ್ಕಿ ಚೌಕಟ್ಟಿನೊಳಗೆ ಸಿಗತೊಡಗಿತು, ಆದರೆ ಎಲ್ಲ ಹಾಲು ಚೆಲ್ಲಿದ ಹಾಗೆ ಮಬ್ಬು. ಕಿಟಕಿ ತೆರೆದಿಟ್ಟರೆ ಹೆಣ್ಣು ಹಕ್ಕಿ ಹೆದರಿ ಗೂಡಿಗೆ ಬರುತ್ತಿರಲಿಲ್ಲ, ಹಾಗಾಗಿ ಮುಚ್ಚಿದ ಗಾಜಿನ ಮೂಲಕವೇ ತೆಗೆಯಬೇಕು. ಗಾಜಿಗೋ ವರ್ಷಗಟ್ಟಲೆಯ ಧೂಳು, ನೀರಿನ ಕಲೆ. “ಕೊಳಕು ಕನ್ನಡಕ ಹಾಕ್ಕೊಂಡು ಕ್ಯಾಮೆರಾನ ಬೈತಿದ್ದೆ ನೋಡು!” ಎಂದು ಭಾವ ಹಣೆ ಚಚ್ಚಿಕೊಂಡರು.

ಭಾನುವಾರ ಸಂಜೆ ಹೆಣ್ಣು ಹಕ್ಕಿ ಮೇಯಲು ಹೋದಾಗಲೆಲ್ಲ ಸ್ಟೂಲು ಹತ್ತಿ ಒರೆಸಿದರು. ಕಲೆಗಳನ್ನು ಬ್ಲೇಡಿನಿಂದ ಕೆರೆದು, ಲೆನ್ಸಿಗೆ ಹಾಕುವ ದ್ರಾವಣ ಹಚ್ಚಿ, ಒಳಗೆ ಹೊರಗೆ ಎರಡೂ ಕಡೆ ತಿಕ್ಕಿದರು. ಬೆಳಕು ಚೆನ್ನಾಗಿ ಬರಲಿ ಎಂದು ಎದುರು ಗೋಡೆಯ ಕಿಟಕಿಗೂ ಅದೇ ಸೇವೆ, ಅದರ ಪರದೆಯನ್ನೂ ಬಿಚ್ಚಿಹಾಕಿದರು. ಮುಗಿಸಿ ಕೆಳಗಿಳಿದಾಗ ಗಾಜು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಾನೇ ಒಂದು ಸಲ ಕೈಯಿಂದ ಮುಟ್ಟಿ ನೋಡಿದೆ. ಅವರ ಕೆಲಸವನ್ನು ನಾನು ಬಾಯ್ತುಂಬ ಹೊಗಳಿದ್ದು ಅದೊಂದೇ ಸಲ.

ಮಾರನೇ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ನಾನೂ ಕೋಣೆಯಲ್ಲಿದ್ದೆ. “ಈಗ!” ಎಂದಳು ಅಕ್ಕ. ಕ್ಯಾಮೆರಾ ಪಟಪಟನೆ ಹೊಡೆದುಕೊಂಡಿತು. ಜೊತೆಯಲ್ಲೇ ಟಪ್ ಎಂದು ಸಣ್ಣ ಸದ್ದು. ಭಾವ ಕ್ಯಾಮೆರಾದ ಪರದೆಯನ್ನಷ್ಟೇ ನೋಡುತ್ತಿದ್ದರು. “ಬಂತು! ಬಂತು ಕಣೇ! ಒಂದೊಂದು ಗರಿನೂ ಎಣಿಸಬಹುದು!” ಎಂದು ಕೂಗಿದರು. ಅಕ್ಕ ಚಪ್ಪಾಳೆ ತಟ್ಟಿದಳು. ನಾನು ಮಾತ್ರ ಕಿಟಕಿಯ ಹೊರ ಅಂಚನ್ನು ನೋಡಿದೆ. ಮಣ್ಣು ಬಣ್ಣದ ಆ ಹಕ್ಕಿ ಅಲ್ಲಿ ಮಗುಚಿ ಬಿದ್ದಿತ್ತು. ಕೊಕ್ಕು ಒಂದು ಸಲ ತೆರೆದು ಮುಚ್ಚಿತು, ಅಷ್ಟೇ.

ನಮ್ಮ ಕೋಣೆಯ ಮೂಲಕ ಅದಕ್ಕೆ ಆಚೆ ಬದಿಯ ಆಕಾಶ ಕಂಡಿತ್ತು. ಗೂಡಿನ ಕಡೆ ತಿರುಗದೆ ನೇರ ಒಳಗೆ ನುಗ್ಗಿತ್ತು. ಅದಕ್ಕೇ ಚಿತ್ರ ಅಷ್ಟು ಚೆನ್ನಾಗಿ ಬಂದದ್ದು. ಎರಡೂ ರೆಕ್ಕೆ ಪೂರ್ತಿ ಬಿಚ್ಚಿ, ನಮ್ಮ ಕಡೆಗೇ ಮುಖ ಮಾಡಿ, ನಟ್ಟನಡುವೆ.

“ಏನೋ ಬಿದ್ದ ಹಾಗಾಯ್ತಲ್ಲ?” ಎಂದಳು ಅಕ್ಕ.

ಭಾವ ಅಷ್ಟರಲ್ಲಿ ನನ್ನ ಮುಖ ನೋಡಿ, ಕಿಟಕಿ ನೋಡಿದ್ದರು. “ಕ್ಯಾಮೆರಾ ಮುಚ್ಚಳ,” ಎಂದರು. ಖುಷಿಯಲ್ಲಿ ಬೀಳಿಸಿದ್ದಾರೆ ಎಂದುಕೊಂಡಳೋ ಏನೋ, ಅವಳು ಮತ್ತೆ ಕೇಳಲಿಲ್ಲ. ಅವರು ಹೊರಗೆ ಹೋಗಿ ಹಕ್ಕಿಯನ್ನು ಜೇಬಿನ ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಎಷ್ಟೋ ಹೊತ್ತು ಕೂತಿದ್ದರು. ಬೈಯಬೇಕೆಂದು ಹೋದ ನಾನು ಪಕ್ಕದಲ್ಲಿ ಕೂತು ಅತ್ತೆ.

ಚಿತ್ರ ದೊಡ್ಡದಾಗಿ ಬಂತು. ಅಕ್ಕ ಅದನ್ನು ಗೋಡೆಗೆ ಒರಗಿಸಿಕೊಂಡು, ಕತ್ತು ಆ ಕಡೆ ಈ ಕಡೆ ವಾಲಿಸಿ, ಅಂಚಿನಿಂದ ಅಂಚಿಗೆ ಕಣ್ಣು ಸರಿಸುತ್ತಾ ಅರ್ಧ ಹಗಲು ನೋಡಿದಳು. “ಅಯ್ಯೋ, ರೆಕ್ಕೆ ಒಳಗಡೆ ಹಳದಿ ಇದೆ! ಇಷ್ಟು ದಿನ ಮುಚ್ಚಿಟ್ಕೊಂಡಿತ್ತಲ್ಲ ಕಳ್ಳಿ!” ಎಂದು ನಕ್ಕಳು. ಹೊರಗೆ ತಂತಿಯ ಮೇಲೆ ಗಂಡು ಒಂದೇ ಸಮನೆ ಕರೆಯುತ್ತಿತ್ತು. ಕೆಲವು ದಿನ ಕರೆದು ಅದೂ ಹೊರಟುಹೋಯಿತು. ಗೂಡಿನೊಳಗೆ ಬೆರಳು ಹಾಕಿ ನೋಡಿದೆ, ಎರಡು ಮೊಟ್ಟೆ ತಣ್ಣಗಿದ್ದವು.

ಆಮೇಲೆ ಭಾವ ಕ್ಯಾಮೆರಾ ಮುಟ್ಟಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ಕನ್ನಡಕ ಕೈಗೆತ್ತಿಕೊಂಡವರು ಒರೆಸುವುದನ್ನು ಮರೆತು ನಿಂತುಬಿಡುತ್ತಿದ್ದರು. ಆ ವರ್ಷ ಕಳೆಯುವುದರೊಳಗೆ ಅಕ್ಕನ ಕಣ್ಣಂಚೂ ಮಸುಕಾಯಿತು. ಒಂದು ಸಂಜೆ ಅಂಗಡಿ ಮುಚ್ಚುವಾಗ, “ಇವತ್ತು ಹೇಳಿಬಿಡ್ತೀನಿ. ಅವಳು ಆ ಫೋಟೋನ ಬಂದವರಿಗೆಲ್ಲ ತೋರಿಸಿ ಮೆರೀತಾಳೆ. ನನ್ನ ಕೈಲಿ ಆಗ್ತಿಲ್ಲ,” ಎಂದರು. ಹೇಳುವುದೇ ಸರಿ ಎಂದು ನಾನೂ ಜೊತೆಗೆ ಹೋದೆ.

ಅವರು ಅವಳ ಎದುರು ಕುರ್ಚಿ ಎಳೆದುಕೊಂಡು ಕೂತರು. “ನೋಡು, ಆ ಹಕ್ಕಿ…” ಎಂದು ಶುರುಮಾಡಿದರು.

“ನಾನೂ ಅದನ್ನೇ ಯೋಚಿಸ್ತಿದ್ದೆ,” ಎಂದಳು ಅಕ್ಕ. “ಬೇಜಾರು ಮಾಡ್ಕೋಬೇಡಿ, ನಿಮ್ಮ ಮುಖ ಕೂಡ ಈಗ ಸರಿಯಾಗಿ ನೆನಪಾಗಲ್ಲ. ಕಣ್ಣು ಮುಚ್ಚಿದ್ರೆ ಅದೊಂದು ಮಾತ್ರ ಚೊಕ್ಕವಾಗಿ ಕಾಣುತ್ತೆ. ನನ್ನ ಹತ್ರಾನೇ ಬರ್ತಿತ್ತಲ್ಲ ಅದು.” ಅವಳು ಗಾಳಿಯಲ್ಲಿ ಕೈಯಾಡಿಸಿ ಅವರ ಮೊಣಕಾಲು ಹುಡುಕಿ ಹಿಡಿದಳು. “ಏನೋ ಹೇಳೋಕೆ ಬಂದ್ರಿ?”

“ಏನಿಲ್ಲ.”

“ಮರಿ ಆದ್ವಾ ಆಮೇಲೆ? ನೀವು ಹೇಳಲೇ ಇಲ್ಲ.”

ಭಾವ ನನ್ನ ಕಡೆ ನೋಡಿದರು. ಇಷ್ಟು ವರ್ಷ ಅವರ ಒಂದೇ ಒಂದು ತಪ್ಪನ್ನೂ ನಾನು ಮುಚ್ಚಿಹಾಕಿದವಳಲ್ಲ.

“ಎರಡು ಮರಿ ಕಣಕ್ಕಾ,” ಎಂದೆ. “ಎರಡೂ ಹಾರಿಹೋದ್ವು. ನಾನೇ ನೋಡಿದೆ.”