ಕುಟುಂಬ ಗೊತ್ತಾಗುವವರೆಗೆ

ಶವದ ವ್ಯಾನು ಗೇಟಿಗೆ ತಾಗುವಷ್ಟು ಹತ್ತಿರ ಬಂದಾಗ ವಸತಿ ಸಂಘದ ಅಧ್ಯಕ್ಷರು ಒಳಗಿನಿಂದಲೇ ಕೈ ಅಡ್ಡ ಚಾಚಿದರು.

“ಒಳಗೆ ಬೇಡ. ನೇರ ಸ್ಮಶಾನಕ್ಕೆ ಹೋಗ್ಬಿಡಿ. ಇಲ್ಲಿ ಮಕ್ಕಳುಮರಿ ಇದಾರೆ.”

ದರ್ಜಿ ವ್ಯಾನಿನಿಂದ ಇಳಿದ. ಒಳಗಿದ್ದ ಹೆಣ ಅವನ ಹೆಂಡತಿಯದು.

“ಮಗಳು ಒಳಗಿದಾಳೆ ಸಾರ್. ತಾಯಿ ಮುಖ ಒಂದ್ಸಲ ನೋಡ್ಲಿ.”

“ನಿಮ್ಮ ಸಂಕಟ ಅರ್ಥ ಆಗುತ್ತೆ ಕಣ್ರೀ. ಆದ್ರೆ ಆಯಮ್ಮ ಇದ್ದಿದ್ದು ವೈರಸ್ ಲ್ಯಾಬಲ್ಲಿ. ಏನು ಅಂಟಿಸ್ಕೊಂಡು ಬಂದಿದ್ರೋ!”

ಅಧ್ಯಕ್ಷರ ಹಿಂದೆ ಜನ ಗುಂಪುಗೂಡಿದ್ದರು. ಮಗಳು ಮಾತ್ರ ಒಂದು ಪಕ್ಕಕ್ಕೆ ನಿಂತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ.

ವ್ಯಾನಿನಲ್ಲೇ ಬಂದಿದ್ದ ಲ್ಯಾಬಿನ ಮುಖ್ಯಸ್ಥೆ ಕೆಳಗಿಳಿದರು. “ರಕ್ತದ ಮಾದರಿ ಪರೀಕ್ಷೆ ನಡೀತಿದೆ. ಫೋನ್ ಬರುತ್ತೆ. ಅಲ್ಲಿವರೆಗೂ ಯಾರೂ ಮುಟ್ಟೋದು ಬೇಡ.”

“ನೋಡಿದ್ರಾ, ಇವರೇ ಹೇಳ್ತಿದಾರೆ!” ಗುಂಪಿನಲ್ಲಿ ಯಾರೋ ಅಂದರು.

*

ಮದುವೆಯಾದ ಹೊಸತರಲ್ಲಿ ದರ್ಜಿ ಹೆಂಡತಿಯ ಕೆಲಸವೇನೆಂದು ಕೇಳಿದ್ದ. ಅವಳು ಅಂಗಡಿಯ ಮೇಜಿನಿಂದ ಒಂದು ದಾರ ಎತ್ತಿಕೊಂಡಿದ್ದಳು.

“ವೈರಸ್ಸಿನ ಒಳಗಿರೋದು ಇಂಥದ್ದೇ ಒಂದು ಎಳೆ. ಡಿಎನ್‌ಎ, ಇಲ್ಲಾ ಆರ್‌ಎನ್‌ಎ. ಸುತ್ತ ಪ್ರೋಟೀನಿನ ಅಂಗಿ. ಕೆಲವಕ್ಕೆ ಮೇಲೊಂದು ಕೊಬ್ಬಿನ ಕೋಟು. ಕೋಟಿರೋವು ಸೋಪಿಗೆ ಕರಗ್ತವೆ. ಬರೀ ಅಂಗಿಯವು ಗಟ್ಟಿಪಿಂಡ.”

“ನಮ್ಮ ಗಿರಾಕಿಗಳ ಥರ!”

“ಎಳೆ ಯಾವುದು, ಆಕಾರ ಹೇಗಿದೆ, ಕೋಟು ಇದೆಯೋ ಇಲ್ವೋ ಅಂತ ನೋಡಿ ಕುಟುಂಬ ವಿಂಗಡಿಸ್ತಾರೆ. ಕುಟುಂಬ ಗೊತ್ತಾದ್ರೆ ಅದು ಹೇಗೆ ಹರಡುತ್ತೆ ಅಂತ ಅಂದಾಜು ಸಿಗುತ್ತೆ.”

ಅವನು ನಕ್ಕಿದ್ದ. “ನಿಮಗೂ ಕುಲಗೋತ್ರ ಬಿಡಲಿಲ್ವಲ್ಲ!”

*

ಜ್ವರ ನೆತ್ತಿಗೇರಿ ಮಾತು ತೊದಲತೊಡಗಿದಾಗ ಅವಳೇ ಕೋಣೆಯ ಬಾಗಿಲು ಹಾಕಿಸಿದ್ದಳು.

“ಯಾವ ಕುಟುಂಬದ ವೈರಸ್ಸು ಅಂತ ಗೊತ್ತಾಗೋವರೆಗೂ ಪುಟ್ಟೀನ ಒಳಗೆ ಬಿಡಬೇಡ. ನನ್ನಾಣೆ.”

ಆಚೆ ಮಗಳು ಬಾಗಿಲು ಬಡಿಯುತ್ತಿದ್ದಳು. “ಅಮ್ಮಾ, ಒಂದೇ ಒಂದ್ಸಲ!” ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಆಸ್ಪತ್ರೆಗೆ ಒಯ್ಯುವಾಗಲೂ ಮಗಳನ್ನು ಪಕ್ಕದ ಮನೆಯಲ್ಲಿ ಕೂಡಿಹಾಕಿಸಿದ್ದ.

*

ಫೋನು ಬಂತು. ಮುಖ್ಯಸ್ಥೆ ಹೂಂಗುಟ್ಟುತ್ತ ಕೇಳಿಸಿಕೊಂಡರು. ಕೈಗವಸು ಕಳಚಿದರು.

“ಮಿದುಳು ಜ್ವರ. ಸೊಳ್ಳೆಯಿಂದ ಬರೋದು. ಲ್ಯಾಬಿಂದಲ್ಲ. ಮನುಷ್ಯರಿಂದ ಮನುಷ್ಯರಿಗೆ ಅಂಟಲ್ಲ. ಗೇಟು ತೆಗೀರಿ.”

ಅಧ್ಯಕ್ಷರು ಬೀಗ ತೆಗೆಯಲು ತಡಕಾಡಿದರು.

ಮಗಳು ಹೊರಗೆ ಬಂದು ಮುಖ್ಯಸ್ಥೆಯ ಎದುರು ನಿಂತಳು.

“ಆಂಟಿ, ಹಾಗಾದ್ರೆ ಆವತ್ತು ನಾನು ಅಮ್ಮನ ಹತ್ರ ಹೋಗಬಹುದಿತ್ತಾ?”

“ಆವತ್ತು ಗೊತ್ತಿರಲಿಲ್ಲ ಪುಟ್ಟಿ. ನಿಮ್ಮಮ್ಮನಿಗೂ…”

“ಹೋಗಬಹುದಿತ್ತಾ?”

“ಹೂಂ,” ಅಂದರು ಅವರು.

ಅವಳು ಅಪ್ಪನ ಕಡೆ ತಿರುಗಿದಳು. ದರ್ಜಿ ವ್ಯಾನಿನ ಹಿಂಬಾಗಿಲು ತೆಗೆದು, ಮುಖದ ಮೇಲಿನ ಹೊದಿಕೆ ಸರಿಸಿ, ಪಕ್ಕಕ್ಕೆ ನಿಂತ.

ಹುಡುಗಿ ಮೇಲೆ ಹತ್ತಿದಳು. ತಾಯಿಯ ಕೆನ್ನೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದು ಹಣೆಗೆ ಹಣೆ ಹಚ್ಚಿದಳು.

ವ್ಯಾನನ್ನು ಒಳಗೆ ತರಲು ಚಾಲಕ ಎಂಜಿನ್ ಚಾಲೂ ಮಾಡಿದ್ದ. ಕನ್ನಡಿಯಲ್ಲಿ ಅವಳನ್ನು ಕಂಡು ಮತ್ತೆ ಆರಿಸಿದ.