ಎಡಗಡೆ ಬಾಗಿಲಿನ ನೆಗ್ಗು

ಹೊಸಪೇಟೆಯ ತನ್ನ ಶೆಡ್ಡಿನಲ್ಲಿ ತಗಡು ಕೆಲಸದ ಪಂಪೇಶ್ ಹೆಬ್ಬೆರಳು ಊರಿದ್ದೇ ತಡ, ಕಾರಿನ ಎಡಗಡೆ ಬಾಗಿಲು ಹಪ್ಪಳದ ಹಾಗೆ ಮುರಿದು ಬೆರಳು ಒಳಗೆ ಹೋಯಿತು. ಅವನು ಕೈ ಎಳೆದುಕೊಂಡು, ಅಂಗೈಗೆ ಉದುರಿದ ಕೆಂಪು ಪುಡಿಯನ್ನು ಜಂಬಮ್ಮನ ಮುಂದೆ ಹಿಡಿದ.

"ಅಕ್ಕಾರ, ಇದು ಧೂಳಲ್ರಿ. ಜಂಗು. ಬಾಗಲಾ ಪೂರ್ತಿ ತಿಂದು ಹಾಕೇತಿ."

"ಸುಮ್ನಿರಪ್ಪ. ಅದು ಮೈನಿಂಗ್ ಧೂಳು. ವರ್ಷಾ ವರ್ಷಾ ಮಹಾನವಮಿಗೆ ನಾನೇ ಒದ್ದಿ ಅರಿಬೀಲೆ ಒರಸ್ತಿದ್ದೆ."

"ಒದ್ದಿ ಅರಿಬೀಲೆ?" ಪಂಪೇಶ್ ನಗು ತಡೆಯಲಾರದೆ ಮುಖ ತಿರುಗಿಸಿದ. "ಹಂಗಂದ್ರ ಜಂಗಿಗೆ ನೀರು ಕುಡಿಸಿ ನೀವೇ ಸಾಕೀರಿ ಬಿಡ್ರಿ."

ತಪ್ಪು ಅವಳೊಬ್ಬಳದೇ ಎನ್ನುವಂತಿಲ್ಲ. ಈ ಸೀಮೆಯಲ್ಲಿ ಕೆಂಪೆಂದರೆ ಅದಿರಿನ ಧೂಳು, ಬೇರೇನೂ ಅಲ್ಲ. ಸಂಡೂರಿನ ಲಾರಿಗಳು ಹೊತ್ತು ತರುವ ಆ ಧೂಳು ಬೇವಿನೆಲೆಯ ಮೇಲೆ, ಒಣಹಾಕಿದ ಪಂಚೆಯ ಮೇಲೆ, ಬಿಳಿ ಎತ್ತಿನ ಬೆನ್ನಿನ ಮೇಲೆ ಕೂತು ಎಲ್ಲವನ್ನೂ ಒಂದೇ ಬಣ್ಣ ಮಾಡಿಬಿಡುತ್ತದೆ. ಬೇರೆ ಊರಿನವರಾದರೆ ಕಾರಿನ ಮೇಲೆ ಕೆಂಪು ಕಂಡ ಕೂಡಲೇ ತುಕ್ಕು ಎಂದು ಹೌಹಾರುತ್ತಿದ್ದರು. ಹೊಸಪೇಟೆಯವರು ಒರೆಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಕೈ ಮುಗಿಯುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು ಅಂತ ಗಾದೆ ಮಾಡಿದವರು ಈ ಕಾರನ್ನು ನೋಡಿಯೇ ಮಾಡಿರಬೇಕು.

ಅದು ಜಂಬಮ್ಮನ ಅಣ್ಣ ತೋಟಪ್ಪನ ಹಳದಿ ಫಿಯೆಟ್. ಎಂಬತ್ತರ ದಶಕದಲ್ಲಿ ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಈ ಹುಡುಗ ಅದನ್ನು ಕಾರು ಓಟದ ರ‍್ಯಾಲಿಗಳಲ್ಲಿ ಓಡಿಸುತ್ತಿದ್ದ. ಓಡಿಸುವವನ ಪಕ್ಕ ಕೂತು ಮುಂದಿನ ತಿರುವು ಹೇಳುವುದಕ್ಕೆ ಒಬ್ಬರು ಬೇಕು. ಒಮ್ಮೆ ಕೂತು ವಾಂತಿ ಮಾಡಿಕೊಂಡು ಹೋದ ಗೆಳೆಯರು ಮತ್ತೆ ಇತ್ತ ತಲೆ ಹಾಕಲಿಲ್ಲ. ಕೊನೆಗೆ ತಂಗಿ ಜಂಬಮ್ಮನೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಕೂತಳು. ಊರವರು ಗಂಡುಬೀರಿ ಎಂದರು. ಅನ್ನಲಿ ಬಿಡಿ, ಅಂದವರ ಪೈಕಿ ಒಬ್ಬನಾದರೂ ಅಂಥ ಓಟದಲ್ಲಿ ಬಾಯಿ ಬಿಟ್ಟು ದಾರಿ ಹೇಳಿದ್ದನೇ? ಅವಳ ಜೀವನದಲ್ಲಿ ಅಷ್ಟು ಸಂತೋಷದ ದಿನಗಳು ಮತ್ತೆ ಬರಲಿಲ್ಲ.

ಒಂದು ಸಲ ಸಂಡೂರು ಘಾಟಿಯಲ್ಲಿ ಕಾರು ಜಾರಿ, ಅವಳು ಕೂತ ಎಡಗಡೆಯ ಬಾಗಿಲಿಗೇ ಬಂಡೆ ಬಡಿಯಿತು. ಬಾಗಿಲು ಒಳಕ್ಕೆ ಬಂತು, ಅವಳಿಗೆ ಗೀರೂ ಆಗಲಿಲ್ಲ. ಆ ನೆಗ್ಗನ್ನು ತೋಟಪ್ಪ ಯಾರಿಗೂ ಸರಿಮಾಡಲು ಬಿಡಲಿಲ್ಲ. ಕಾರು ಹತ್ತುವ ಮುಂಚೆ ಅದರೊಳಗೆ ಅಂಗೈ ಇಟ್ಟು, "ನನ್ನ ತಂಗೀನ ಉಳಿಸಿದ ಬಾಗಲಾ ಇದು" ಎನ್ನುತ್ತಿದ್ದ.

ಈಗ ತೋಟಪ್ಪನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತೆಗೆದುಕೊಂಡಿದೆ. ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದಾರೆ, ಗಿರಣಿ ನಡೆಯುತ್ತಿದೆ. ಅವನು ಮಾತ್ರ ಕೋಣೆ ಬಿಟ್ಟು ಬರುತ್ತಿಲ್ಲ. ಊಟಕ್ಕೆ ಎಬ್ಬಿಸುವುದೇ ದೊಡ್ಡ ಸಾಹಸವಾಗಿದೆ. ಕಾಲುವೆ ಆಫೀಸಿನಿಂದ ನಿವೃತ್ತಳಾಗಿ ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂ ಊರಿನಲ್ಲಿರುವ ಜಂಬಮ್ಮ, ಅಣ್ಣ ಓಡಿಸುವುದು ಬಿಟ್ಟ ಮೇಲೆ ತನ್ನ ಅಂಗಳದಲ್ಲೇ ನಿಂತಿದ್ದ ಕಾರನ್ನು ರಿಪೇರಿ ಮಾಡಿಸುತ್ತೇನೆ, ಒಂದು ಸುತ್ತು ಹೋಗಿ ಬರೋಣ ಎಂದಾಗ ಅವನು ಗೋಡೆಯ ಕಡೆ ಹೊರಳಿಕೊಂಡ.

"ಬಣ್ಣ ಬಳದು ಯಾವ ಗಾಡಿ ತಂದು ನಿಲ್ಲಿಸಿದ್ರೂ ನನಗ ಕಾಣಂಗಿಲ್ಲ, ಜಂಬವ್ವ. ಬಾಗಲಾ ಮುಟ್ಟಿ ನೋಡ್ತೀನಿ. ಆ ನೆಗ್ಗು ಇದ್ರ ಹತ್ತತೀನಿ. ಇಲ್ಲಾಂದ್ರ ಇನ್ನ ನನ್ನ ಎಬ್ಬಸಾಕ ಬರಬ್ಯಾಡ."

ಆ ಬಾಗಿಲೇ ಈಗ ಪಂಪೇಶನ ಅಂಗೈಯಲ್ಲಿ ಪುಡಿಯಾಗಿ ಕೂತಿತ್ತು. ಜಂಬಮ್ಮ ಅಲ್ಲಿಯೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕುಸಿದಳು.

ನೆಲದ ತಗಡು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಅಂಚು ಎಲ್ಲವನ್ನೂ ಪಂಪೇಶ್ ಕತ್ತರಿಸಿ ಹೊಸ ತಗಡು ಬೆಸೆದ. ಹಳೆಯ ಬಣ್ಣವನ್ನು ಕಬ್ಬಿಣ ಕಾಣುವವರೆಗೆ ತಿಕ್ಕಿದ. ಬಾಗಿಲಿಗೆ ಮಾತ್ರ ಬೆಸೆಯಲು ಜಾಗವೇ ಉಳಿದಿರಲಿಲ್ಲ. ಗುಜರಿಯಿಂದ ಬೇರೊಂದು ಫಿಯೆಟ್ಟಿನ ಬಾಗಿಲು ತಂದು ಕೂರಿಸಿದ. ಅದು ಕನ್ನಡಿಯಂತೆ ನುಣ್ಣಗಿತ್ತು.

"ಇದಕ್ಕ ನೆಗ್ಗು ಹಾಕು," ಎಂದಳು ಜಂಬಮ್ಮ.

ಪಂಪೇಶ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಮಾತಂತ ಆಡ್ತೀರಿ! ನೆಗ್ಗು ತೆಗದೇ ನನ್ನ ಹೊಟ್ಟಿ ತುಂಬಿರೋದು. ಈ ಸುತ್ತಿಗೆ ನಮ್ಮಪ್ಪಂದು, ಪೂಜಿ ಮಾಡಿದ್ದು. ಚಲೋ ತಗಡಿನ ಮ್ಯಾಲೆ ಎತ್ತಂಗಿಲ್ಲ. ನನ್ನ ಕೈಲಿ ಆಗಂಗಿಲ್ರಿ."

"ಹಂಗಾದ್ರ ಹಳೇ ಬಾಗಲದ ಅಳತಿ ಹೇಳು. ಎಲ್ಲಿತ್ತು, ಎಷ್ಟಿತ್ತು?"

ಅವನು ಗೊಣಗುತ್ತಲೇ ಸೀಮೆಸುಣ್ಣದಲ್ಲಿ ವೃತ್ತ ಬರೆದುಕೊಟ್ಟ. ಜಂಬಮ್ಮ ಶೆಡ್ಡಿನ ಹೊರಗೆ ಹೋಗಿ, ಲಾರಿಯಿಂದ ಉರುಳಿದ್ದ ಅದಿರಿನ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಮೊದಲ ಏಟಿಗೆ ಬಾಗಿಲು ಢಣ್ ಎಂದಿತಷ್ಟೆ. ಅವಳು ಹಲ್ಲು ಕಚ್ಚಿ ಮತ್ತೆ ಹೊಡೆದಳು, ಮತ್ತೆ ಹೊಡೆದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಪಂಪೇಶ್ ನೋಡಲಾರದೆ ಚಹಾ ಕುಡಿಯುವ ನೆಪ ಹೇಳಿ ಎದ್ದು ಹೋದ. ಬಂದವನು ನೆಗ್ಗಿನ ಮೇಲೂ ಪ್ರೈಮರ್ ಹೊಡೆದು, ಮಾತಿಲ್ಲದೆ ಹಳದಿ ಬಣ್ಣ ಹಚ್ಚಿದ.

ಒಂದು ಬೆಳಿಗ್ಗೆ ಕಾರು ಕಂಪ್ಲಿಯ ಗಿರಣಿ ಮುಂದೆ ಬಂದು ನಿಂತಿತು. ಸೊಸೆ ಪೂಜಿತಾ ಮಾವನ ಕೈ ಹಿಡಿದು ಹೊರಗೆ ತಂದಳು. ತೋಟಪ್ಪ ಬಾನೆಟ್ ಸವರಿದ, ಕಿಟಕಿಯ ಅಂಚು ಹಿಡಿದ, ಅಲ್ಲಿಂದ ಕೆಳಗೆ ಬಂದು ನೆಗ್ಗಿನೊಳಗೆ ಅಂಗೈ ಇಟ್ಟ. ಜಂಬಮ್ಮ ಅವನ ಪಕ್ಕಕ್ಕೆ ಬಂದು ನಿಂತಳು.

ಅವನ ಬೆರಳುಗಳು ಒಂದು ಸುತ್ತು ಹೋಗಿ ನಿಂತವು.

"ಯಾರು ಹೊಡದಿದ್ದು ಇದನ್ನ?"

"ಏನಣ್ಣ?"

"ಬಂಡೆಗಲ್ಲು ಇಷ್ಟು ಮರ್ಯಾದಿ ಕೊಟ್ಟು ಹೊಡಿಯಂಗಿಲ್ಲ. ಯಾರೋ ಅಂಜಿಕೊಂಡು ಅಂಜಿಕೊಂಡು ಹೊಡದಾರ."

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. "ನಾನೇ," ಎಂದಳು ಜಂಬಮ್ಮ. "ಹಳೇದು ಜಂಗು ಹಿಡಿದು ಹೋತು. ಧೂಳು ಅಂತ ತಿಳಕೊಂಡು ನಾನೇ ಒರಸಿ ಒರಸಿ ಹಾಳು ಮಾಡಿದೆ. ನೀ ಹೊರಗ ಬರ್ಲಿ ಅಂತ ಕಲ್ಲು ತಗೊಂಡು ಹೊಡದೆ. ಬ್ಯಾಡ ಅಂದ್ರ ಒಳಗ ನಡಿ, ನಾ ಏನೂ ಅನ್ನಂಗಿಲ್ಲ."

ತೋಟಪ್ಪ ಅಂಗೈ ತೆಗೆಯಲಿಲ್ಲ. ಅವನ ಮೀಸೆ ನಡುಗಿತು. ಅಳುತ್ತಾನೇನೋ ಎಂದುಕೊಂಡಳು, ನೋಡಿದರೆ ನಗುತ್ತಿದ್ದ.

"ಹುಚ್ಚಿ! ಅವತ್ತು ಕಲ್ಲು ನಿನ್ನ ಹೊಡಿಯಾಕ ಬಂತು. ಇವತ್ತು ನೀನೇ ಕಲ್ಲು ಹಿಡಕೊಂಡು ಹೊಡದೀಯಲ್ಲ. ತಗಿ ಬಾಗಲಾ. ಗಾಡಿ ಯಾರು ಓಡಸ್ತಾರ?"

"ನಾನೇ."

"ಶಿವನೇ! ಹಂಗಾದ್ರ ದಾರಿ ನಾ ಹೇಳ್ತೀನಿ."

ಹೊಸಪೇಟೆ ದಾಟಿ ಸಂಡೂರು ರಸ್ತೆ ಹಿಡಿಯುವ ಹೊತ್ತಿಗೆ ಬಿಸಿಲೇರಿತ್ತು. ತೋಟಪ್ಪ ಕಿಟಕಿಯ ಮೇಲೆ ಮೊಣಕೈ ಊರಿ ಕೂತು, ಕತ್ತಲು ತುಂಬಿದ ಕಣ್ಣಲ್ಲಿ ಮುಂದೆ ನೋಡುತ್ತಾ ಒಂದೊಂದೇ ಹೇಳತೊಡಗಿದ. "ಉಬ್ಬು ಐತಿ, ಮೆತ್ತಗ." ಓಟದ ದಿನಗಳ ಆ ಉಬ್ಬು ಈಗ ಇರಲಿಲ್ಲ, ಆದರೂ ಜಂಬಮ್ಮ ನಿಧಾನ ಮಾಡಿದಳು. "ಈಗ ಜಾಲಿ ಗಿಡ. ದಾಟಿದ ಕೂಡ್ಲೆ ಎಡಕ್ಕ, ಜೋರು ತಿರುವು. ಹುಷಾರ್!"

ಗಿಡವೂ ಇರಲಿಲ್ಲ, ತಿರುವೂ ಇರಲಿಲ್ಲ. ಅದಿರಿನ ಲಾರಿಗಳಿಗಾಗಿ ಗುಡ್ಡ ಕಡಿದು ಹಾಕಿದ ಅಗಲವಾದ ರಸ್ತೆ ಕಣ್ಣು ಹರಿಯುವವರೆಗೂ ನೆಟ್ಟಗೆ ಮಲಗಿತ್ತು. ಜಂಬಮ್ಮ ಕನ್ನಡಿ ನೋಡಿದಳು. ಹಿಂದೆ ಯಾರೂ ಬರುತ್ತಿರಲಿಲ್ಲ.

ಅವಳು ಸ್ಟೇರಿಂಗನ್ನು ಎಡಕ್ಕೆ ಎಳೆದಳು. ಕಾರು ವಾಲಿತು. ತೋಟಪ್ಪನ ಹೆಗಲು ಬಂದು ಅವಳ ಹೆಗಲಿಗೆ ತಾಗಿತು.

"ಶಾಬಾಸ್," ಎಂದ ಅವನು. "ಈಗ ಬಲಕ್ಕ."