ಎಮ್ಮೆಕರುವಿನ ಹೊಟ್ಟೆ

ಸೆಬು ದ್ವೀಪದ ಪುಟ್ಟ ಊರೊಂದರ ಹೆಂಗಸರ ಜೈಲಿನಲ್ಲಿ ವಿಚಾರಣೆಗೆ ಕಾಯುತ್ತಿದ್ದ ಡೆಲ್ಫಿನಾ, ಮಗಳ ಕ್ರಿಸ್‌ಮಸ್‌ಗೆಂದು ಕ್ರೋಶಾದಲ್ಲಿ ಬೂದು ಎಮ್ಮೆಕರುವಿನ ಗೊಂಬೆ ಹೆಣೆದಳು. ಹತ್ತಿ ಸಿಗದೆ ತನ್ನ ಹಳೆಯ ಅಂಗಿಯನ್ನೇ ಹರಿದು ಒಳಗೆ ತುಂಬಿದಳು.

ಭೇಟಿಯ ದಿನ ಕಾವಲಿನವಳು ಕರುವಿನ ಹೊಟ್ಟೆ ಕತ್ತರಿಸಿ ತಡಕಿದಳು. “ಏನ್ಮಾಡ್ಲಿ ತಂಗಿ, ರೂಲ್ಸು.”

ಜಾಲರಿಯಾಚೆ ಅಜ್ಜಿಯ ಜೊತೆ ನಿಂತಿದ್ದ ಪುಟ್ಟ ಲುಸಿಂಗ್ ಕಿರುಚಿದಳು. “ಅಮ್ಮಾ, ಅದಕ್ಕೆ ನೋವಾಗುತ್ತೆ!”

“ಇಲ್ಲ ಕಂದಾ, ಈಗ್ಲೇ ಸರಿ ಮಾಡ್ತೀನಿ.”

ಅಲ್ಲಿಗೆ ಸೂಜಿ ತರುವಂತಿರಲಿಲ್ಲ. ಡೆಲ್ಫಿನಾ ಬೆರಳುಗಳಿಂದಲೇ ನೂಲಿನ ತುದಿಗಳನ್ನು ಹುಡುಕಿ ಗಂಟು ಹಾಕತೊಡಗಿದಳು. ಅರ್ಧ ಮುಗಿಯುವಷ್ಟರಲ್ಲಿ ಭೇಟಿ ಮುಗಿದ ಗಂಟೆ ಹೊಡೆಯಿತು. ಕಾವಲಿನವಳು ಕರುವನ್ನು ಹಾಗೆಯೇ ಹೊರಗೆ ಕೊಟ್ಟಳು.

ಡೆಲ್ಫಿನಾ ಕೈ ಬೀಸಿದಳು. ಲುಸಿಂಗ್ ಬೀಸಲಿಲ್ಲ, ಎರಡೂ ಕೈಯಿಂದ ಕರುವಿನ ಹೊಟ್ಟೆಯನ್ನು ಒತ್ತಿ ಹಿಡಿದು ಅಜ್ಜಿಯ ಹಿಂದೆ ಹೊರಟಳು.